ಶಾಖಾ ಸಂಪರ್ಕದ ಕಾವಲು ಸ್ಕ್ರಿಪ್ಟ್: ದೋಷ ಪತ್ತೆ ಮತ್ತು ಪರಿಹಾರ

ಉದ್ದಿಮೆ ಸಣ್ಣದಿರಲಿ ದೊಡ್ಡದಿರಲಿ, ಇಂದು ಬಿಲ್ಲು, ದಾಸ್ತಾನು, ಲೆಕ್ಕಪತ್ರ ಎಲ್ಲವೂ ಗಣಕಯಂತ್ರವನ್ನೇ ಅವಲಂಬಿಸಿವೆ. ಜಿಎಸ್‌ಟಿಗೆ ಮುಂಚೆ ನಮ್ಮ ರಾಜ್ಯದ ವರ್ತಕರು ವಾಣಿಜ್ಯ ತೆರಿಗೆ ಇಲಾಖೆಯ ಇ-ಸುಗಮ್ ವ್ಯವಸ್ಥೆಗೆ ಒಗ್ಗಿಕೊಂಡಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಾಣಿಕೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಸಹ ಪಡೆಯಬೇಕಾಗಿದೆ.

ಹೀಗಾಗಿ ಗಣಕದ ಸಂಪರ್ಕ ಕಡಿದುಹೋದರೆ ಬಿಲ್ಲು ಮಾತ್ರವಲ್ಲ, ಸರಕೂ ನಿಲ್ಲುತ್ತದೆ. ಸರಕು ಸಿದ್ಧವಿದ್ದು, ಚಾಲಕ ಸಿದ್ಧನಿದ್ದು, ಕಾಗದಪತ್ರ ಹೊರಡದೆ ಲಾರಿಯು ಉಗ್ರಾಣದ ಬಾಗಿಲಲ್ಲೇ ಕಾಯಬೇಕಾಗುತ್ತದೆ. ಇಂತಹ ಸಂದರ್ಭಕ್ಕೆಂದೇ ಅನೇಕ ಸಂಸ್ಥೆಗಳಲ್ಲಿ ತಂತ್ರಜ್ಞರು ಒಂದು ಚಿಕ್ಕ ಕಾವಲು ಸ್ಕ್ರಿಪ್ಟನ್ನು ಬರೆದಿಟ್ಟಿರುತ್ತಾರೆ. ಸಂಪರ್ಕದ ತಂತ್ರಾಂಶ ನಿಂತಿದೆಯೇ ಎಂದು ನೋಡಿ, ನಿಂತಿದ್ದರೆ ಮತ್ತೆ ಚಾಲನೆ ನೀಡುವುದು ಅದರ ಕೆಲಸ. ಆದರೆ ಈ ಕಾವಲುಗಾರನೇ ತಪ್ಪು ವರದಿ ಕೊಡುತ್ತಿದ್ದರೆ? ಅಂತಹ ಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷಗಳು, ಅವುಗಳನ್ನು ಪತ್ತೆಹಚ್ಚುವ ಕ್ರಮ ಮತ್ತು ಮಾಲೀಕರು ತಮ್ಮ ತಂತ್ರಜ್ಞರನ್ನು ಕೇಳಬೇಕಾದ ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಘಟಕವಿದೆ. ನಂಜನಗೂಡನ್ನು ದಾಟಿದ ಕಪಿಲೆಯು ಕಾವೇರಿಯನ್ನು ಸೇರುವ ಟಿ. ನರಸೀಪುರದಲ್ಲಿ ಅದೇ ಸಂಸ್ಥೆಯ ಉಗ್ರಾಣವಿದೆ. ಬಿಲ್ಲಿಂಗ್ ತಂತ್ರಾಂಶ ಮತ್ತು ದಾಸ್ತಾನು ಪುಸ್ತಕ ಇರುವ ಸರ್ವರ್ ನಂಜನಗೂಡಿನಲ್ಲಿದೆ. ಉಗ್ರಾಣದ ಗುಮಾಸ್ತರು ಲಿನಕ್ಸ್ ಅಳವಡಿಸಿದ ಒಂದು ಹಳೆಯ ಗಣಕದ ಮೂಲಕ ಆ ಸರ್ವರನ್ನು ತಲುಪುತ್ತಾರೆ. ಎರಡು ಊರುಗಳ ನಡುವೆ ಸಾರ್ವಜನಿಕ ಅಂತರಜಾಲದ ಮೇಲೆಯೇ ಓಪನ್‌ವಿಪಿಎನ್ ಎಂಬ ಉಚಿತ ತಂತ್ರಾಂಶದಿಂದ ಖಾಸಗಿ ಮಾರ್ಗವೊಂದನ್ನು ಮಾಡಿಕೊಳ್ಳಲಾಗಿದೆ. ಹೊರಗಿನವರು ಇಣುಕಲಾಗದಂತೆ ಅಂಕಿಅಂಶಗಳು ಗೂಢಲಿಪಿಯಲ್ಲಿ ಈ ಮಾರ್ಗದಲ್ಲಿ ಸಂಚರಿಸುತ್ತವೆ.

50,000 ರೂಪಾಯಿ ಮೀರಿದ ಸರಕು ಉಗ್ರಾಣದಿಂದ ಹೊರಡಬೇಕಾದರೆ ಮೊದಲು ನಂಜನಗೂಡಿನ ಸರ್ವರಿನಲ್ಲಿ ಬಿಲ್ಲು ಸೃಷ್ಟಿಯಾಗಬೇಕು, ಆ ಬಿಲ್ಲಿನ ಸಂಖ್ಯೆಯಿಂದ ಇ-ವೇ ಬಿಲ್ ಪಡೆಯಬೇಕು. ಖಾಸಗಿ ಮಾರ್ಗ ಮುಚ್ಚಿದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚಿದಂತೆ.

ಉಗ್ರಾಣದ ಗಣಕದಲ್ಲಿ ಐದು ನಿಮಿಷಕ್ಕೊಮ್ಮೆ ಓಡುವ ಕಾವಲು ಸ್ಕ್ರಿಪ್ಟ್ ಇದೆ. ಆದರೂ ವಾರಕ್ಕೆ ಒಂದೆರಡು ಬಾರಿ ಮಾರ್ಗ ಮುಚ್ಚಿಹೋಗುತ್ತದೆ; ಯಾರಾದರೂ ದೂರವಾಣಿ ಮಾಡಿ ಹೇಳುವವರೆಗೆ ಹಾಗೆಯೇ ಇರುತ್ತದೆ. ದಾಖಲೆ ಕಡತವನ್ನು ತೆರೆದು ನೋಡಿದರೆ ಪ್ರತಿ ಐದು ನಿಮಿಷಕ್ಕೂ "ಎಲ್ಲವೂ ಸರಿಯಿದೆ" ಎಂಬ ಸಾಲು ಇರುತ್ತದೆ. ಇಂತಹ ಕಾವಲು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಏಕೆಂದರೆ ಅದನ್ನು ನಂಬಿ ಉಳಿದವರೆಲ್ಲ ನಿಶ್ಚಿಂತರಾಗಿರುತ್ತಾರೆ.

ಶೆಲ್ ಸ್ಕ್ರಿಪ್ಟ್ ಎಂದರೇನು?

ಯೂನಿಕ್ಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ನಾವು ಬೆರಳಚ್ಚು ಮಾಡುವ ಆಜ್ಞೆಗಳನ್ನು ಓದಿ ನಡೆಸುವ ಕಾರ್ಯಕ್ರಮಕ್ಕೆ ಶೆಲ್ ಎಂದು ಹೆಸರು. ಒಂದರ ನಂತರ ಒಂದರಂತೆ ನಡೆಯಬೇಕಾದ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ನಿಗದಿತ ವೇಳೆಗೆ ಅದನ್ನು ಓಡಿಸುವ ಹೊಣೆ ಕ್ರಾನ್ ಎಂಬ ಸೇವೆಯದು. ಕ್ರಾನ್ ನಿಮಿಷಕ್ಕೊಮ್ಮೆ ತನ್ನ ಪಟ್ಟಿಯನ್ನು ನೋಡಿ, ವೇಳೆ ಬಂದ ಕೆಲಸವನ್ನು ಪ್ರಾರಂಭಿಸುತ್ತದೆ.

ಗಣಕದಲ್ಲಿ ಓಡುತ್ತಿರುವ ಪ್ರತಿಯೊಂದು ಕಾರ್ಯಕ್ರಮವೂ ಒಂದು ಪ್ರೊಸೆಸ್. ಪ್ರತಿ ಪ್ರೊಸೆಸ್ಸಿಗೂ ಒಂದು ಸಂಖ್ಯೆ ಇರುತ್ತದೆ. ಪ್ರತಿ ಆಜ್ಞೆಯೂ ಮುಗಿಯುವಾಗ ಒಂದು ಫಲಿತಾಂಶ ಸಂಖ್ಯೆಯನ್ನು ಬಿಟ್ಟು ಹೋಗುತ್ತದೆ. ಸೊನ್ನೆ ಎಂದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಸೊನ್ನೆಯಲ್ಲದ ಸಂಖ್ಯೆ ಬಂದರೆ ಏನೋ ಕೊರತೆಯಾಗಿದೆ ಎಂದರ್ಥ. ಮುಂದಿನ ವಿವರಣೆಗೆ ಇಷ್ಟು ತಿಳಿದಿದ್ದರೆ ಸಾಕು.

ಮೊದಲ ದೋಷ: ತನ್ನ ನೆರಳನ್ನೇ ಕಂಡು ಮೋಸಹೋಗುವುದು

ನಮ್ಮ ಉದಾಹರಣೆಯ ಸ್ಕ್ರಿಪ್ಟ್ ಮಾಡುವ ಪರೀಕ್ಷೆ ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವಂಥದೇ. ಪಿಎಸ್ ಆಜ್ಞೆಯಿಂದ ಎಲ್ಲ ಪ್ರೊಸೆಸ್ಸುಗಳ ಪಟ್ಟಿ ತೆಗೆಯುವುದು, ಅದರಲ್ಲಿ ಓಪನ್‌ವಿಪಿಎನ್ ಎಂಬ ಅಕ್ಷರಗಳಿರುವ ಸಾಲುಗಳನ್ನು ಗ್ರೆಪ್ ಆಜ್ಞೆಯಿಂದ ಆರಿಸುವುದು, ಒಂದಾದರೂ ಸಾಲು ಸಿಕ್ಕರೆ ಸೇವೆ ಜೀವಂತವಾಗಿದೆ ಎಂದು ತೀರ್ಮಾನಿಸುವುದು. ಹುಡುಕುವ ಗ್ರೆಪ್ ಆಜ್ಞೆಯ ಸಾಲಿನಲ್ಲಿಯೂ ಅದೇ ಹೆಸರು ಇರುವುದರಿಂದ, ಗ್ರೆಪ್ ಎಂಬ ಪದವಿರುವ ಸಾಲುಗಳನ್ನು ಬಿಟ್ಟುಬಿಡುವ ಇನ್ನೊಂದು ಗ್ರೆಪ್ ಅನ್ನು ಸೇರಿಸುವುದು ವಾಡಿಕೆ. ಬಹುತೇಕರು ಇಷ್ಟಕ್ಕೆ ತೃಪ್ತರಾಗುತ್ತಾರೆ.

ಆದರೆ ಸ್ಕ್ರಿಪ್ಟಿನ ಹೆಸರೇ "ಓಪನ್‌ವಿಪಿಎನ್-ಚೆಕ್" ಎಂದಿದ್ದರೆ? ಸ್ಕ್ರಿಪ್ಟ್ ಓಡುತ್ತಿರುವಾಗ ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ, ಅದನ್ನು ಕರೆದ ಕ್ರಾನ್‌ನ ಸಾಲಿನಲ್ಲಿಯೂ ಅದೇ ಹೆಸರಿರುತ್ತದೆ. ನಿಜವಾದ ಸೇವೆ ಸತ್ತಿದ್ದರೂ ಸ್ಕ್ರಿಪ್ಟ್ ತನ್ನನ್ನೇ ತಾನು ಕಂಡು "ಎಲ್ಲವೂ ಸರಿಯಿದೆ" ಎಂದು ಬರೆಯುತ್ತದೆ. ಅಷ್ಟೇ ಅಲ್ಲ, ಸೇವೆಯ ದಾಖಲೆ ಕಡತವನ್ನು ಯಾರಾದರೂ ತೆರೆದು ನೋಡುತ್ತಿದ್ದರೂ ಆ ಕಡತದ ಹೆಸರಿನಿಂದ ಇದೇ ಭ್ರಮೆ ಉಂಟಾಗುತ್ತದೆ.

ಈ ದೋಷವು ಬೇಗ ಸಿಕ್ಕಿಬೀಳದಿರಲು ಒಂದು ಕಾರಣವಿದೆ. ತಂತ್ರಜ್ಞರು ಆ ಒಂದು ಸಾಲನ್ನು ಮಾತ್ರ ಪರದೆಯ ಮೇಲೆ ಕೈಯಾರೆ ಬೆರಳಚ್ಚು ಮಾಡಿ ಪರೀಕ್ಷಿಸಿದಾಗ ಸರಿಯಾದ ಉತ್ತರವೇ ಬರುತ್ತದೆ. ಆಗ ಸ್ಕ್ರಿಪ್ಟ್ ಓಡುತ್ತಿರುವುದಿಲ್ಲವಲ್ಲ. ಸ್ಕ್ರಿಪ್ಟಿನ ಒಳಗೆ ಓಡಿದಾಗ ಮಾತ್ರ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಸಾಲುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸದೆ ಸ್ಕ್ರಿಪ್ಟನ್ನು ಇಡಿಯಾಗಿ ಓಡಿಸಿ ನೋಡಬೇಕು. ಶೆಲ್‌ಗೆ ಮೈನಸ್ ಎಕ್ಸ್ ಎಂಬ ಸೂಚನೆ ಕೊಟ್ಟು ಓಡಿಸಿದರೆ, ನಡೆಯುವ ಪ್ರತಿ ಆಜ್ಞೆಯನ್ನೂ ಅದರಲ್ಲಿ ತುಂಬಿದ ಬೆಲೆಗಳ ಸಮೇತ ಪರದೆಯ ಮೇಲೆ ತೋರಿಸುತ್ತದೆ. ಸೇವೆಯನ್ನು ನಿಲ್ಲಿಸಿ ಹೀಗೆ ಓಡಿಸಿದರೆ, ಸೊನ್ನೆ ಇರಬೇಕಾದ ಎಣಿಕೆಯು ಎರಡೋ ಮೂರೋ ಆಗಿರುವುದು ಕಣ್ಣಿಗೆ ಬೀಳುತ್ತದೆ.

ಪರಿಹಾರ ಸುಲಭ. ಪಿಗ್ರೆಪ್ ಎಂಬ ಆಜ್ಞೆಗೆ ಹೆಸರು ಸಂಪೂರ್ಣವಾಗಿ ಹೊಂದಬೇಕೆಂಬ ಸೂಚನೆ ನೀಡಿ ಬಳಸಿದರೆ, ಭಾಗಶಃ ಹೋಲುವ ಹೆಸರುಗಳು ಬಿಟ್ಟುಹೋಗುತ್ತವೆ. ಆದರೆ ಒಂದು ಎಚ್ಚರಿಕೆ ಅವಶ್ಯ. ಲಿನಕ್ಸ್ ಪ್ರೊಸೆಸ್ಸಿನ ಹೆಸರಿನಲ್ಲಿ ಮೊದಲ 15 ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದಕ್ಕಿಂತ ಉದ್ದದ ಹೆಸರನ್ನು ಪೂರ್ತಿಯಾಗಿ ಕೊಟ್ಟು ಹುಡುಕಿದರೆ ಎಂದಿಗೂ ಸಿಗುವುದಿಲ್ಲ. ಆಗ ಮೊದಲಿನದಕ್ಕೆ ವಿರುದ್ಧವಾದ ದೋಷ ತಲೆದೋರಿ, ಸರಿಯಾಗಿ ಓಡುತ್ತಿರುವ ಸೇವೆಯನ್ನು ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ಹೊಸದಾಗಿ ಪ್ರಾರಂಭಿಸಲು ಹೊರಡುತ್ತದೆ.

ಎರಡನೆಯ ದೋಷ: ಕೈಯಲ್ಲಿ ಓಡುವುದು ಕ್ರಾನ್‌ನಲ್ಲಿ ಓಡದಿರುವುದು

ಮೊದಲ ದೋಷವನ್ನು ತಿದ್ದಿದ ಕೂಡಲೇ ಅದರ ಕೆಳಗೆ ಅಡಗಿದ್ದ ಇನ್ನೊಂದು ಹೊರಬರುತ್ತದೆ. ಈಗ ಸ್ಕ್ರಿಪ್ಟ್ ಸೇವೆ ನಿಂತಿರುವುದನ್ನು ಸರಿಯಾಗಿ ಗುರುತಿಸುತ್ತದೆ, "ಮರುಪ್ರಾರಂಭಿಸಲಾಯಿತು" ಎಂದು ಬರೆಯುತ್ತದೆ. ಆದರೆ ಸೇವೆ ಮಾತ್ರ ಪ್ರಾರಂಭವಾಗುವುದಿಲ್ಲ. ತಂತ್ರಜ್ಞರು ಬಂದು ಅದೇ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದರೆ ತಟ್ಟನೆ ಪ್ರಾರಂಭವಾಗುತ್ತದೆ.

ಇದಕ್ಕೆ ಕಾರಣ ಕ್ರಾನ್‌ನ ಪರಿಸರ. ನಾವು ಗಣಕಕ್ಕೆ ಪ್ರವೇಶಿಸಿದಾಗ ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಇದಕ್ಕೆ ಪಾತ್ ಎಂದು ಹೆಸರು. ಕ್ರಾನ್ ಕೆಲಸ ಓಡಿಸುವಾಗ ಈ ಪಟ್ಟಿ ಅತಿ ಚಿಕ್ಕದಾಗಿರುತ್ತದೆ. ಸಾಮಾನ್ಯವಾಗಿ ಎರಡೇ ಫೋಲ್ಡರುಗಳಿರುತ್ತವೆ. ಓಪನ್‌ವಿಪಿಎನ್‌ನಂತಹ ವ್ಯವಸ್ಥೆಯ ಸೇವೆಗಳು ಎಸ್‌ಬಿನ್ ಎಂಬ ಬೇರೆ ಫೋಲ್ಡರಿನಲ್ಲಿರುವುದು ರೂಢಿ. ಹೀಗಾಗಿ ಕ್ರಾನ್‌ಗೆ ಆ ಆಜ್ಞೆಯೇ ಸಿಗುವುದಿಲ್ಲ. ಆಗ ಬರುವ ಫಲಿತಾಂಶ ಸಂಖ್ಯೆ 127. ಅಂದರೆ ಆಜ್ಞೆ ಕಂಡುಬರಲಿಲ್ಲ ಎಂದರ್ಥ. ಆಜ್ಞೆ ಸಿಕ್ಕರೂ ಅದನ್ನು ನಡೆಸುವ ಅನುಮತಿ ಇಲ್ಲದಿದ್ದರೆ 126 ಬರುತ್ತದೆ.

ಈ ಸಂದೇಶವನ್ನು ಯಾರೂ ಏಕೆ ನೋಡಲಿಲ್ಲ? ಕ್ರಾನ್ ತನ್ನ ಕೆಲಸಗಳ ಮಾತನ್ನು ಅದೇ ಗಣಕದ ಒಳ ಅಂಚೆಪೆಟ್ಟಿಗೆಗೆ ಹಾಕುತ್ತದೆ. ಅದನ್ನು ತೆರೆಯುವವರು ವಿರಳ. ಅಂಚೆ ತಂತ್ರಾಂಶವನ್ನೇ ಅಳವಡಿಸಿರದಿದ್ದರೆ ಸಂದೇಶ ಅಲ್ಲಿಗೇ ಕೊನೆಗೊಳ್ಳುತ್ತದೆ. ಕೆಲವರಂತೂ ಕಿರಿಕಿರಿ ಬೇಡವೆಂದು ಎಲ್ಲ ಸಂದೇಶಗಳನ್ನೂ ಶೂನ್ಯ ಕಡತಕ್ಕೆ ಕಳುಹಿಸುವಂತೆ ಕ್ರಾನ್ ಸಾಲಿನಲ್ಲೇ ಬರೆದಿಟ್ಟಿರುತ್ತಾರೆ. ದೋಷ ಹುಡುಕುವಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಈ ಬಾಯಿಕಟ್ಟನ್ನು ಬಿಚ್ಚಿ, ಎಲ್ಲ ಸಂದೇಶಗಳೂ ದಿನಾಂಕ ಮತ್ತು ವೇಳೆಯೊಡನೆ ಒಂದು ಕಡತಕ್ಕೆ ಬೀಳುವಂತೆ ಮಾಡುವುದು.

ಪರಿಹಾರವಾಗಿ ಸ್ಕ್ರಿಪ್ಟಿನ ಆರಂಭದಲ್ಲಿಯೇ ಪಾತ್ ಪಟ್ಟಿಯನ್ನು ಪೂರ್ಣವಾಗಿ ಬರೆಯಬೇಕು, ಇಲ್ಲವೇ ಪ್ರತಿ ಆಜ್ಞೆಯನ್ನೂ ಅದರ ಪೂರ್ಣ ವಿಳಾಸದೊಡನೆ ಕರೆಯಬೇಕು. ಎನ್ವ್ ಆಜ್ಞೆಗೆ ಮೈನಸ್ ಐ ಎಂಬ ಸೂಚನೆ ನೀಡಿ, ಕ್ರಾನ್ ಬಳಸುವ ಚಿಕ್ಕ ಪಾತ್ ಪಟ್ಟಿಯನ್ನು ಮಾತ್ರ ಕೊಟ್ಟು ಸ್ಕ್ರಿಪ್ಟನ್ನು ಓಡಿಸಿದರೆ, ಕ್ರಾನ್‌ನಂಥದೇ ಬಡ ಪರಿಸರವನ್ನು ಕೈಯಲ್ಲೇ ಸೃಷ್ಟಿಸಿ ಪರೀಕ್ಷಿಸಬಹುದು.

"ಮರುಪ್ರಾರಂಭಿಸಲಾಯಿತು" ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಆಜ್ಞೆ ಕೊಟ್ಟಿದ್ದು ಬೇರೆ, ಕೆಲಸ ಆಗಿದ್ದು ಬೇರೆ. ಚಾಲನೆ ನೀಡಿದ ನಂತರ ಫಲಿತಾಂಶ ಸಂಖ್ಯೆಯನ್ನು ನೋಡಿ, ಕೆಲವು ಸೆಕೆಂಡು ಕಾದು, ಸೇವೆಯನ್ನು ಮತ್ತೊಮ್ಮೆ ಪರೀಕ್ಷಿಸಿದ ಬಳಿಕವೇ ಆ ಸಾಲನ್ನು ಬರೆಯಬೇಕು. ಒಂದು ಆಜ್ಞೆಯ ಮಾತನ್ನು ಇನ್ನೊಂದಕ್ಕೆ ಕೊಳವೆಯಂತೆ ಜೋಡಿಸಿದಾಗ ಶೆಲ್ ಸಾಮಾನ್ಯವಾಗಿ ಕೊನೆಯ ಆಜ್ಞೆಯ ಫಲಿತಾಂಶವನ್ನಷ್ಟೇ ಹೇಳುತ್ತದೆ. ಸೇವೆ ವಿಫಲವಾದರೂ ಅದರ ಮಾತನ್ನು ಕಡತಕ್ಕೆ ಬರೆದ ಆಜ್ಞೆ ಸಫಲವಾದ್ದರಿಂದ ಸೊನ್ನೆಯೇ ಬರುವ ಸಂಭವವಿದೆ.

ಮೂರನೆಯ ದೋಷ: ಜೀವವಿದೆ, ಕೆಲಸವಿಲ್ಲ

ಮೇಲಿನ ಎರಡನ್ನೂ ಸರಿಪಡಿಸಿದ ಮೇಲೂ ತಿಂಗಳಿಗೊಮ್ಮೆ ತೊಂದರೆ ಕಾಣಿಸಬಹುದು. ಪ್ರೊಸೆಸ್ ಪಟ್ಟಿಯಲ್ಲಿ ಓಪನ್‌ವಿಪಿಎನ್ ಇದೆ. ಆದರೆ ನಂಜನಗೂಡಿನ ಸರ್ವರ್ ಸಿಗುತ್ತಿಲ್ಲ. ಅಂಗಡಿಯ ಬಾಗಿಲು ತೆರೆದಿದೆ, ಒಳಗೆ ವ್ಯಾಪಾರ ನಡೆಯುತ್ತಿಲ್ಲ ಎಂಬಂತಹ ಸ್ಥಿತಿ ಇದು. ಪ್ರೊಸೆಸ್ ಇದೆಯೇ ಎಂಬ ಪ್ರಶ್ನೆಯನ್ನು ಬಿಟ್ಟು, ನಮಗೆ ಬೇಕಾದ ಸೇವೆ ಸಿಗುತ್ತಿದೆಯೇ ಎಂದು ಕೇಳದ ಹೊರತು ಯಾವ ಕಾವಲು ಸ್ಕ್ರಿಪ್ಟೂ ವಿಶ್ವಾಸಾರ್ಹವಲ್ಲ. ಈ ಲೇಖನದ ಸಾರವೇ ಇದು.

ಪರೀಕ್ಷೆಯನ್ನು ಮೂರು ಹಂತಗಳಲ್ಲಿ ಮಾಡುವುದು ಸೂಕ್ತ.

1. ಉಗ್ರಾಣದಲ್ಲಿಯೇ ಇರುವ ರೂಟರ್ ಉತ್ತರಿಸುತ್ತಿದೆಯೇ? ಇಲ್ಲವಾದರೆ ತಂತಿ, ಸ್ವಿಚ್ ಅಥವಾ ವಿದ್ಯುತ್ತಿನ ತೊಂದರೆ. ಇದನ್ನು ಯಾವ ಸ್ಕ್ರಿಪ್ಟೂ ಸರಿಪಡಿಸಲಾರದು. ಮನುಷ್ಯರೇ ಹೋಗಿ ನೋಡಬೇಕು.

2. ಹೊರಗಿನ ಅಂತರಜಾಲದ ಒಂದು ನಂಬಿಕಸ್ಥ ವಿಳಾಸ ಉತ್ತರಿಸುತ್ತಿದೆಯೇ? ಇಲ್ಲವಾದರೆ ಅಂತರಜಾಲ ಸೇವೆಯೇ ಕಡಿತಗೊಂಡಿದೆ. ಓಪನ್‌ವಿಪಿಎನ್ ಅನ್ನು ಎಷ್ಟು ಬಾರಿ ಮರುಪ್ರಾರಂಭಿಸಿದರೂ ಪ್ರಯೋಜನವಿಲ್ಲ. ದಾಖಲೆ ಮಾಡಿ ಕಾಯಬೇಕು.

3. ಖಾಸಗಿ ಮಾರ್ಗದ ಆಚೆ ತುದಿಯಲ್ಲಿರುವ ನಂಜನಗೂಡಿನ ಸರ್ವರ್ ಉತ್ತರಿಸುತ್ತಿದೆಯೇ? ಮೊದಲ ಎರಡು ಸರಿಯಿದ್ದು ಇದೊಂದೇ ವಿಫಲವಾದಾಗ ಮಾತ್ರ ಮರುಪ್ರಾರಂಭಕ್ಕೆ ಅರ್ಥವಿದೆ.

ಮೂರನೆಯ ಹಂತದಲ್ಲಿ ಬಿಲ್ಲಿಂಗ್ ತಂತ್ರಾಂಶದ ಪೋರ್ಟನ್ನೇ ತಟ್ಟಿ ನೋಡಿದರೆ ಇನ್ನೂ ಉತ್ತಮ. ಮೊದಲ ಎರಡು ಹಂತಗಳಲ್ಲಿ ವಿಳಾಸಗಳನ್ನು ಹೆಸರಿನ ಬದಲು ಅಂಕಿಗಳಲ್ಲಿ ಕೊಡಬೇಕು. ಇಲ್ಲದಿದ್ದರೆ ಹೆಸರನ್ನು ಅಂಕಿಗೆ ಬದಲಿಸುವ ಸೇವೆಯ ತೊಂದರೆಯೂ ಇದರೊಡನೆ ಬೆರೆತುಹೋಗುತ್ತದೆ.

ಪಿಂಗ್ ಆಜ್ಞೆಯ ಬಳಕೆಯಲ್ಲಿ ಒಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕು ಬಾರಿ ಕೇಳಿ ತಾನಾಗಿಯೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಎಣಿಕೆಯನ್ನು ಹೇಳದಿದ್ದರೆ ಅದು ನಿಲ್ಲುವುದೇ ಇಲ್ಲ. ವಿಂಡೋಸ್ ರೂಢಿಯಿರುವವರು ಬರೆದ ಸ್ಕ್ರಿಪ್ಟು ಇಲ್ಲಿಯೇ ಸಿಕ್ಕಿಕೊಂಡು, ಐದು ನಿಮಿಷಕ್ಕೊಂದರಂತೆ ಹೊಸ ಪ್ರತಿಗಳು ಸೇರುತ್ತಾ ಹೋಗಿ ಗಣಕವೇ ನಿಧಾನವಾಗುವುದುಂಟು. ಎಷ್ಟು ಬಾರಿ ಕೇಳಬೇಕು, ಎಷ್ಟು ಸೆಕೆಂಡು ಕಾಯಬೇಕು ಎಂಬುದನ್ನು ತಪ್ಪದೆ ಸೂಚಿಸಬೇಕು.

ಓಪನ್‌ವಿಪಿಎನ್‌ನಲ್ಲಿಯೇ ಕೀಪ್‌ಅಲೈವ್ ಎಂಬ ಸೌಲಭ್ಯವಿದೆ ಎಂಬುದನ್ನೂ ಗಮನಿಸಬೇಕು. 10 ಮತ್ತು 60 ಎಂದು ಸೂಚಿಸಿದರೆ, ಎರಡು ತುದಿಗಳೂ 10 ಸೆಕೆಂಡಿಗೊಮ್ಮೆ ಪರಸ್ಪರ ವಿಚಾರಿಸಿಕೊಂಡು, 60 ಸೆಕೆಂಡು ಉತ್ತರ ಬಾರದಿದ್ದರೆ ಶಾಖೆಯ ತುದಿಯು ತಾನಾಗಿಯೇ ಸಂಪರ್ಕವನ್ನು ಹೊಸದಾಗಿ ಪ್ರಾರಂಭಿಸುತ್ತದೆ. ತಂತ್ರಾಂಶದಲ್ಲಿ ಇರುವ ಸೌಲಭ್ಯವನ್ನು ಮೊದಲು ಬಳಸಿಕೊಂಡು, ಅದಕ್ಕೂ ಮೀರಿದ್ದಕ್ಕೆ ಮಾತ್ರ ಸ್ಕ್ರಿಪ್ಟನ್ನು ನಂಬುವುದು ಜಾಣತನ.

ನಾಲ್ಕನೆಯ ದೋಷ: ವಿದ್ಯುತ್ ಹೋಗಿ ಬಂದ ನಂತರ

ಸ್ಕ್ರಿಪ್ಟಿನ ಎರಡು ಪ್ರತಿಗಳು ಒಮ್ಮೆಗೇ ಓಡದಂತೆ ತಡೆಯಲು ಒಂದು ಖಾಲಿ ಕಡತವನ್ನು ಬೀಗವಾಗಿ ಇಡುವ ಪದ್ಧತಿ ಇದೆ. ಸ್ಕ್ರಿಪ್ಟ್ ಆರಂಭವಾದಾಗ ಕಡತವನ್ನು ಸೃಷ್ಟಿಸಿ, ಮುಗಿದಾಗ ಅಳಿಸುತ್ತದೆ. ಮಧ್ಯದಲ್ಲಿ ವಿದ್ಯುತ್ ಹೋದರೆ ಬೀಗದ ಕಡತ ಹಾಗೆಯೇ ಉಳಿದುಬಿಡುತ್ತದೆ. ವಿದ್ಯುತ್ ಮರಳಿ ಗಣಕ ಎದ್ದ ಮೇಲೆ ಸ್ಕ್ರಿಪ್ಟ್ ಪ್ರತಿ ಬಾರಿಯೂ ಬೀಗವನ್ನು ಕಂಡು, ಬೇರೊಂದು ಪ್ರತಿ ಓಡುತ್ತಿದೆ ಎಂದು ತಿಳಿದು ಸದ್ದಿಲ್ಲದೆ ಹಿಂದಿರುಗುತ್ತದೆ. ಯಾರಾದರೂ ಆ ಕಡತವನ್ನು ಅಳಿಸುವವರೆಗೆ ಕಾವಲು ಇಲ್ಲ.

ಪ್ರೊಸೆಸ್ ಸಂಖ್ಯೆಯನ್ನು ಕಡತದಲ್ಲಿ ಬರೆದಿಡುವ ಪದ್ಧತಿಗೂ ಇದೇ ಅಪಾಯವಿದೆ. ಗಣಕ ಮತ್ತೆ ಎದ್ದಾಗ ಅದೇ ಸಂಖ್ಯೆ ಬೇರೊಂದು ಕಾರ್ಯಕ್ರಮಕ್ಕೆ ಹೋಗಿರಬಹುದು. ಸ್ಕ್ರಿಪ್ಟ್ ಆ ಸಂಖ್ಯೆಯವರು ಜೀವಂತವಾಗಿದ್ದಾರೆ ಎಂದು ತೃಪ್ತಿಪಟ್ಟುಕೊಳ್ಳುತ್ತದೆ. ಅಥವಾ ಸಂಬಂಧವಿಲ್ಲದ ಕಾರ್ಯಕ್ರಮವೊಂದನ್ನು ನಿಲ್ಲಿಸಿಬಿಡುತ್ತದೆ. ಇಂತಹ ಕಡತಗಳನ್ನು ರನ್ ಎಂಬ ಫೋಲ್ಡರಿನಲ್ಲಿ ಇಡುವುದು ಲೇಸು. ಇಂದಿನ ಲಿನಕ್ಸ್‌ಗಳಲ್ಲಿ ಅದು ಸ್ಮರಣೆಯಲ್ಲಿ ಮಾತ್ರ ಇರುವುದರಿಂದ ಗಣಕ ಆರಿದೊಡನೆ ಬರಿದಾಗುತ್ತದೆ.

ಬೀಗಕ್ಕೆ ಎಫ್‌ಲಾಕ್ ಎಂಬ ಆಜ್ಞೆ ಹೆಚ್ಚು ಸೂಕ್ತ. ಬೀಗ ಹಿಡಿದ ಪ್ರೊಸೆಸ್ ಯಾವ ಕಾರಣದಿಂದ ಕೊನೆಗೊಂಡರೂ ವ್ಯವಸ್ಥೆಯೇ ಬೀಗವನ್ನು ಬಿಡಿಸುತ್ತದೆ. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಬೀಗ ಹಿಡಿದಿರುವ ಸ್ಕ್ರಿಪ್ಟೇ ಓಪನ್‌ವಿಪಿಎನ್ ಅನ್ನು ನೇರವಾಗಿ ಪ್ರಾರಂಭಿಸಿದರೆ, ಹುಟ್ಟಿದ ಸೇವೆಗೆ ಆ ಬೀಗವೂ ಬಳುವಳಿಯಾಗಿ ಹೋಗುತ್ತದೆ. ಸೇವೆ ಇರುವವರೆಗೆ ಬೀಗ ಬಿಡುವುದಿಲ್ಲ, ಸ್ಕ್ರಿಪ್ಟ್ ಮತ್ತೆ ಓಡುವುದಿಲ್ಲ. ಮೊದಲ ಮರುಪ್ರಾರಂಭ ಯಶಸ್ವಿಯಾಗಿ, ಅಲ್ಲಿಂದ ಮುಂದೆ ಕಾವಲು ನಿಂತುಹೋಗುವ ಪ್ರಕರಣಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಸೇವೆಯನ್ನು ಪ್ರಾರಂಭಿಸುವ ಸಾಲಿನಲ್ಲಿ ಬೀಗದ ಹಿಡಿಯನ್ನು ಮುಚ್ಚಬೇಕು.

ಐದನೆಯ ದೋಷ: ಅತಿ ಉತ್ಸಾಹ

ಒಂದು ಪಿಂಗ್ ತಪ್ಪಿದ ಕೂಡಲೇ ಮರುಪ್ರಾರಂಭಿಸುವ ಸ್ಕ್ರಿಪ್ಟ್ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮಳೆಗಾಲದ ಒಂದು ಕ್ಷಣದ ಅಡಚಣೆಗೆ ಅದು ಚೆನ್ನಾಗಿರುವ ಸಂಪರ್ಕವನ್ನೇ ಕಡಿದು, ಅರ್ಧ ಬರೆದ ಬಿಲ್ಲನ್ನು ಹಾಳುಮಾಡುತ್ತದೆ. ನಿಮಿಷಕ್ಕೊಮ್ಮೆ ಪರೀಕ್ಷಿಸಿ, ಸತತ ಮೂರು ಬಾರಿ ವಿಫಲವಾದಾಗ ಮಾತ್ರ ಮರುಪ್ರಾರಂಭಿಸುವುದು ಒಳಿತು. ಗಂಟೆಗೆ ಮೂರು ಮರುಪ್ರಾರಂಭಗಳ ಮಿತಿಯನ್ನೂ ಇಡಬೇಕು. ನಂಜನಗೂಡಿನ ಸರ್ವರೇ ಆರಿಹೋಗಿದ್ದರೆ ಉಗ್ರಾಣದ ಕಡೆ ಎಷ್ಟು ಬಾರಿ ಮರುಪ್ರಾರಂಭಿಸಿದರೂ ಫಲವಿಲ್ಲ.

ನಿಲ್ಲಿಸುವ ಕ್ರಮವೂ ಮುಖ್ಯ. ಕಿಲ್ ಆಜ್ಞೆಯು ಮೊದಲು ಮೃದುವಾದ ಸೂಚನೆ ಕೊಡುತ್ತದೆ. ಸ್ತಬ್ಧವಾದ ಪ್ರೊಸೆಸ್ ಅದಕ್ಕೆ ಕಿವಿಗೊಡದಿರಬಹುದು. ಹಳೆಯದು ಹೋಗುವ ಮುನ್ನವೇ ಹೊಸದನ್ನು ಪ್ರಾರಂಭಿಸಿದರೆ ಇಬ್ಬರೂ ಒಂದೇ ಪೋರ್ಟಿಗೆ ಜಗಳವಾಡುತ್ತಾರೆ, ವಿಳಾಸ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಮೃದು ಸೂಚನೆ ಕೊಟ್ಟು, ಹತ್ತು ಸೆಕೆಂಡು ಕಾದು, ಆಗಲೂ ಇದ್ದರೆ ಒಂಬತ್ತನೆಯ ಸಂಖ್ಯೆಯ ಕಠಿಣ ಸೂಚನೆ ಕೊಟ್ಟು, ಪ್ರೊಸೆಸ್ ಹೋದದ್ದನ್ನು ಖಚಿತಪಡಿಸಿಕೊಂಡ ಮೇಲೆ ಹೊಸದಕ್ಕೆ ಚಾಲನೆ ನೀಡಬೇಕು.

ಚಿಕ್ಕದಾದರೂ ಕಾಡುವ ಎರಡು ಸಂಗತಿಗಳು

ಸ್ಕ್ರಿಪ್ಟನ್ನು ವಿಂಡೋಸ್ ಗಣಕದಲ್ಲಿ ತಿದ್ದಿ ಲಿನಕ್ಸ್‌ಗೆ ನಕಲಿಸಿದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಸೇರಿರಬಹುದು. ಆಗ ಮೊದಲ ಸಾಲಿನಲ್ಲಿರುವ ಶೆಲ್‌ನ ಹೆಸರೇ ತಪ್ಪಾಗಿ, ಸ್ಕ್ರಿಪ್ಟ್ ಓಡುವುದೇ ಇಲ್ಲ. ಇದನ್ನು ತೆಗೆಯಲು ಡಾಸ್-ಟು-ಯೂನಿಕ್ಸ್ ಎಂಬ ಸಣ್ಣ ಸಾಧನವಿದೆ.

ಎರಡನೆಯದು ಶೆಲ್‌ಗಳ ವ್ಯತ್ಯಾಸ. ಉಬುಂಟು 2006ರ ಅಕ್ಟೋಬರಿನ 6.10 ಆವೃತ್ತಿಯಿಂದ ಎಸ್‌ಎಚ್ ಎಂಬ ಹೆಸರಿಗೆ ಬ್ಯಾಶ್ ಬದಲು ಡ್ಯಾಶ್ ಎಂಬ ಹಗುರವಾದ ಶೆಲ್ಲನ್ನು ಜೋಡಿಸಿತು. ಜೋಡಿ ಚೌಕಾವರಣದಂತಹ ಬ್ಯಾಶ್‌ನ ವಿಶೇಷ ಪ್ರಯೋಗಗಳು ಡ್ಯಾಶ್‌ಗೆ ತಿಳಿಯವು. ಬ್ಯಾಶ್‌ಗಾಗಿ ಬರೆದದ್ದಾದರೆ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆಯಬೇಕು. ಮೈನಸ್ ಎನ್ ಎಂಬ ಸೂಚನೆಯಿಂದ ಸ್ಕ್ರಿಪ್ಟನ್ನು ಓಡಿಸದೆಯೇ ವ್ಯಾಕರಣ ದೋಷಗಳನ್ನು ನೋಡಬಹುದು. ಶೆಲ್‌ಚೆಕ್ ಎಂಬ ಉಚಿತ ಸಾಧನವು ಇದಕ್ಕೂ ಮುಂದೆ ಹೋಗಿ ಸಂಶಯಾಸ್ಪದ ಸಾಲುಗಳನ್ನು ಕಾರಣಸಹಿತ ತೋರಿಸುತ್ತದೆ.

ನಾಲ್ಕು ಪರೀಕ್ಷೆಗಳು

ಸೇವೆ ಚೆನ್ನಾಗಿ ಓಡುತ್ತಿರುವಾಗ ಸ್ಕ್ರಿಪ್ಟ್ ಸುಮ್ಮನಿರುವುದು ಅದರ ಯೋಗ್ಯತೆಗೆ ಸಾಕ್ಷಿಯಲ್ಲ. ವಹಿವಾಟು ಮುಗಿದ ಸಂಜೆ ಅಥವಾ ರಜೆಯ ದಿನ ಬೇಕೆಂದೇ ಸಂಪರ್ಕವನ್ನು ಕೆಡಿಸಿ ನೋಡಬೇಕು. ಮರುಪ್ರಾರಂಭ ನಡೆಯಬೇಕಾದ ಪರೀಕ್ಷೆಗಳಲ್ಲಿ ಆರೇಳು ನಿಮಿಷಗಳೊಳಗೆ ಸೇವೆ ಮರಳಬೇಕು.

1. ಓಪನ್‌ವಿಪಿಎನ್ ಪ್ರೊಸೆಸ್ಸನ್ನು ಕೊಲ್ಲಿರಿ. ಸ್ಕ್ರಿಪ್ಟ್ ಅದನ್ನು ಗುರುತಿಸಿ ಮರುಪ್ರಾರಂಭಿಸಬೇಕು.

2. ಕೊಲ್ಲದೆ, ಸ್ಟಾಪ್ ಎಂಬ ಸೂಚನೆಯಿಂದ ಅದನ್ನು ಸ್ತಬ್ಧಗೊಳಿಸಿರಿ. ಪ್ರೊಸೆಸ್ ಪಟ್ಟಿಯಲ್ಲಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಜೀವವಿದೆ ಕೆಲಸವಿಲ್ಲ ಎಂಬ ಸ್ಥಿತಿಯ ನಿಜವಾದ ಪರೀಕ್ಷೆ ಇದು. ಮೃದು ಸೂಚನೆಗೆ ಅದು ಹೋಗದಿರುವುದರಿಂದ ನಿಲ್ಲಿಸುವ ಕ್ರಮವೂ ಪರೀಕ್ಷೆಗೊಳಗಾಗುತ್ತದೆ.

3. ರೂಟರಿಗೆ ಬರುವ ಅಂತರಜಾಲದ ತಂತಿಯನ್ನು ಕಳಚಿರಿ. ಸ್ಕ್ರಿಪ್ಟ್ ಮರುಪ್ರಾರಂಭಕ್ಕೆ ಹೊರಡದೆ, ಹೊರಗಿನ ಸಂಪರ್ಕವಿಲ್ಲ ಎಂದು ಬರೆದು ಕಾಯಬೇಕು.

4. ಗಣಕವನ್ನು ಆರಿಸಿ ಮತ್ತೆ ಹೊತ್ತಿಸಿರಿ. ಯಾರೂ ಕೀಲಿಮಣೆ ಮುಟ್ಟದೆಯೇ ಸೇವೆ ಮತ್ತು ಕಾವಲು ಎರಡೂ ಮೇಲೇಳಬೇಕು.

ನಾಲ್ಕರಲ್ಲೂ ದಾಖಲೆ ಕಡತದ ಸಾಲುಗಳು ನಡೆದದ್ದಕ್ಕೆ ತಾಳೆಯಾಗಬೇಕು.

ಸಿಸ್ಟಮ್‌ಡಿ ಇರುವಾಗ ಸ್ಕ್ರಿಪ್ಟ್ ಏಕೆ?

ಕಳೆದ ದಶಕದ ಮಧ್ಯದಿಂದ ಪ್ರಮುಖ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕವಿದ್ದು, ಸತ್ತ ಸೇವೆಯನ್ನು ಅದೇ ಮರುಪ್ರಾರಂಭಿಸಬಲ್ಲದು. ಸಾಧ್ಯವಿರುವೆಡೆ ಅದನ್ನೇ ಬಳಸಬೇಕು. ಮೊದಲ, ಎರಡನೆಯ ಹಾಗೂ ನಾಲ್ಕನೆಯ ದೋಷಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ಆದರೆ ಬೇರೆ ಸೂಚನೆ ಕೊಡದಿದ್ದರೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ ಕಾದು ಮರುಪ್ರಾರಂಭಿಸುತ್ತದೆ, ಹತ್ತು ಸೆಕೆಂಡುಗಳೊಳಗೆ ಐದು ಬಾರಿ ಪ್ರಾರಂಭಿಸಿಯೂ ನಿಲ್ಲದಿದ್ದರೆ ಕೈಬಿಟ್ಟುಬಿಡುತ್ತದೆ. ಮರುಪ್ರಾರಂಭದ ನಡುವೆ 15 ಅಥವಾ 30 ಸೆಕೆಂಡುಗಳ ಅಂತರವನ್ನು ಸೂಚಿಸಿದರೆ ಈ ತೊಂದರೆಯಿಲ್ಲ. ಜೀವವಿದ್ದೂ ಕೆಲಸ ಮಾಡದ ಸ್ಥಿತಿಯನ್ನು ಮಾತ್ರ ಅದು ತಾನಾಗಿ ಅರಿಯದು. ಅದಕ್ಕೆ ಮೂರು ಹಂತದ ಸ್ಕ್ರಿಪ್ಟ್ ಬೇಕೇಬೇಕು.

ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ಉದ್ದಿಮೆದಾರರು ಸ್ವತಃ ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ. ಆದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುವಾಗ ಈ ಪ್ರಶ್ನೆಗಳನ್ನು ಕೇಳುವುದು ಅವರ ಹಕ್ಕು.

1. ಕಾವಲು ಸ್ಕ್ರಿಪ್ಟ್ ಪ್ರೊಸೆಸ್ ಇರುವುದನ್ನು ನೋಡುತ್ತದೆಯೇ, ಅಥವಾ ಬಿಲ್ಲಿಂಗ್ ಸರ್ವರ್ ಉತ್ತರಿಸುವುದನ್ನು ನೋಡುತ್ತದೆಯೇ?

2. ಮೇಲಿನ ನಾಲ್ಕು ಪರೀಕ್ಷೆಗಳನ್ನು ನಮ್ಮ ಎದುರಿನಲ್ಲಿ ಮಾಡಿ ತೋರಿಸುವಿರಾ?

3. ದಾಖಲೆ ಕಡತ ಎಲ್ಲಿದೆ, ಅದನ್ನು ತಿಂಗಳಿಗೊಮ್ಮೆ ಯಾರು ಓದುತ್ತಾರೆ?

4. ಸ್ಕ್ರಿಪ್ಟಿನ ಕೈಮೀರಿದಾಗ ಯಾರಿಗೆ, ಹೇಗೆ ಸುದ್ದಿ ಮುಟ್ಟುತ್ತದೆ?

ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಅಪರೂಪ. ಸಂಪರ್ಕ ಕಡಿದ ಉಗ್ರಾಣದ ಗಣಕವು ಅದೇ ಸಂಪರ್ಕದ ಮೂಲಕ ಸುದ್ದಿ ಕಳುಹಿಸಲಾರದು. ಆದ್ದರಿಂದ ಎಚ್ಚರಿಕೆಯ ಹೊಣೆಯನ್ನು ಇನ್ನೊಂದು ತುದಿಗೆ ವಹಿಸಬೇಕು. ಟಿ. ನರಸೀಪುರದ ಗಣಕವು ಐದು ನಿಮಿಷಕ್ಕೊಮ್ಮೆ ಕ್ಷೇಮ ಸಮಾಚಾರ ಕಳುಹಿಸಲಿ. ಹದಿನೈದು ನಿಮಿಷ ಸಮಾಚಾರ ಬಾರದಿದ್ದರೆ ನಂಜನಗೂಡಿನ ಸರ್ವರ್ ಸಂಬಂಧಪಟ್ಟವರ ಮೊಬೈಲಿಗೆ ಸಂದೇಶ ಕಳುಹಿಸಲಿ. ಹೀಗೆ ಮಾಡಿದರೆ ಲಾರಿಗೆ ಸರಕು ತುಂಬುವ ಮೊದಲೇ ತೊಂದರೆ ತಿಳಿದು, ಬದಲಿ ವ್ಯವಸ್ಥೆಗೆ ಸಮಯ ದೊರೆಯುತ್ತದೆ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ತಂತ್ರಜ್ಞರ ಅರ್ಧ ದಿನದ ಶ್ರಮ ಮತ್ತು ಮಾಲೀಕರ ಒಂದು ಸಂಜೆಯ ಗಮನ ಸಾಕು.